ಕೇತುವಿನ ತೂಕ

೨೦ ನವೆಂಬರ್ ೧೯೬೧, ಸೋಮವಾರ

ಬೆಳಗ್ಗೆ ಪ್ರಾರ್ಥನೆ ಮುಗಿಯುತ್ತಲೇ ಹೆಡ್ಮಾಸ್ಟರ್ ಚಿಕ್ಕಮಾರಯ್ಯನವರು ನನ್ನನ್ನು ಕೋಣೆಗೆ ಕರೆಸಿ ಇಲಾಖೆಯ ಸುತ್ತೋಲೆಯೊಂದನ್ನು ಮುಂದಿಟ್ಟರು. ಇನ್ನು ಮೇಲೆ ಹೈಸ್ಕೂಲುಗಳಲ್ಲಿ ವಿಜ್ಞಾನವನ್ನು ಮಕ್ಕಳ ಕೈಯಿಂದಲೇ ಮಾಡಿಸಿ ಕಲಿಸತಕ್ಕದ್ದಂತೆ. ಪ್ರತಿ ಶಾಲೆಯಲ್ಲೂ ಒಂದು ವಿಜ್ಞಾನ ಸಂಘ ಇರತಕ್ಕದ್ದಂತೆ. ಫೆಬ್ರವರಿಯಲ್ಲಿ ಇನ್‌ಸ್ಪೆಕ್ಟರು ಬಂದು ನೋಡತಕ್ಕವರಂತೆ.

“ಏನ್ರೀ ಬ್ಯಾಟರಾಯಪ್ಪ, ಪ್ರಯೋಗದ ಸಾಮಾನೆಲ್ಲ ನೆಟ್ಟಗಿದೆಯೇನ್ರೀ?”

“ನಾನು ಈ ಶಾಲೆಗೆ ಬಂದು ಹನ್ನೊಂದು ವರ್ಷವಾಯ್ತು ಸಾರ್. ಒಂದು ಗಾಜಿನ ನಳಿಗೆ ಕೂಡ ಒಡೆದಿಲ್ಲ.”

ಇದು ಜಂಬದ ಮಾತಲ್ಲ. ನಳಿಗೆಗಳು ಪೆಟ್ಟಿಗೆಯಲ್ಲಿ ಬಂದಾಗ ಸುತ್ತಿದ್ದ ಹುಲ್ಲಿನ ಸಮೇತ ಬೀರುವಿನಲ್ಲಿ ಹಾಗೇ ಇವೆ. ಬೇರೆ ಊರುಗಳ ಮೇಷ್ಟರುಗಳು ಪ್ರಯೋಗ ಮಾಡಿಸುತ್ತೇವೆಂದು ವರ್ಷಕ್ಕೊಂದು ಡಜನ್ ಒಡೆಸುತ್ತಾರೆ. ನನ್ನ ಪದ್ಧತಿ ಬೇರೆ. ಉದ್ದೇಶ, ವಿಧಾನ, ಅವಲೋಕನ, ತೀರ್ಮಾನ, ಎಲ್ಲವನ್ನೂ ನಾನೇ ಹೇಳಿ ಬರೆಸುತ್ತೇನೆ. ಎಲ್ಲ ಮಕ್ಕಳಿಗೂ ಒಂದೇ ಉತ್ತರ ಬರುತ್ತದೆ, ಆ ಉತ್ತರ ಸರಿಯಾಗಿಯೂ ಇರುತ್ತದೆ. ಪ್ರಯೋಗವನ್ನು ನಿಜವಾಗಿ ಮಾಡಹೊರಟರೆ ಈ ಎರಡಕ್ಕೂ ಖಾತ್ರಿ ಇಲ್ಲ. ಸುತ್ತೋಲೆ ಬರೆದವರು ಯಾವತ್ತೂ ತರಗತಿಯೊಳಗೆ ಕಾಲಿಟ್ಟವರಂತೆ ಕಾಣುವುದಿಲ್ಲ.

೬ ಡಿಸೆಂಬರ್, ಬುಧವಾರ

ವಿಜ್ಞಾನ ಸಂಘದ ಉದ್ಘಾಟನೆಯಾಯಿತು. ಶಾಲೆಯ ಹಿಂದುಗಡೆಯ ತಗಡಿನ ಶೆಡ್ಡನ್ನು ನಮ್ಮ ಆಡಳಿತ ಸಮಿತಿಯ ಪ್ರೆಸಿಡೆಂಟರಾದ ಮುನಿಆಂಜಿನಪ್ಪನವರು ಸಂಘಕ್ಕೆ ಬಿಟ್ಟುಕೊಟ್ಟಿದ್ದಾರೆ. ಅದರಲ್ಲಿದ್ದ ಅವರ ಗೊಬ್ಬರದ ಮೂಟೆಗಳಲ್ಲಿ ಅರ್ಧವನ್ನು ತೆಗೆಸಿಯೂ ಕೊಟ್ಟಿದ್ದಾರೆ. ನಮ್ಮ ಯಲಹಂಕದಿಂದ ಹೆಬ್ಬಾಳದವರೆಗೆ ರಸ್ತೆಯ ಎಡಕ್ಕೋ ಬಲಕ್ಕೋ ಅವರ ಜಮೀನು ಇಲ್ಲದ ಜಾಗವಿಲ್ಲ. ಬರುವ ಚುನಾವಣೆಗೆ ಸ್ವತಂತ್ರವಾಗಿ ನಿಲ್ಲುತ್ತಾರೆ ಎಂಬ ಮಾತೂ ಇದೆ. ಟೇಪು ಕತ್ತರಿಸಿ, “ವಿಜ್ಞಾನ ಅಂದ್ರೆ ಏನು? ವಿಶೇಷವಾದ ಜ್ಞಾನ! ಅದು ಎಲ್ಲಾರ್ಗೂ ಸಿಗಕ್ಕಿಲ್ಲ” ಎಂದರು. ಆಳವಾದ ಮಾತು. ನಾನು ಚಪ್ಪಾಳೆ ತಟ್ಟಿದೆ.

೧೪ ಡಿಸೆಂಬರ್, ಗುರುವಾರ

ಸುತ್ತೋಲೆಯ ಕಾಟಕ್ಕೆ ಇವತ್ತು ಒಂದು ಪ್ರಯೋಗ ಮಾಡಿಸಿದೆ. ದಾರಕ್ಕೆ ಕಲ್ಲು ಕಟ್ಟಿ ತೂಗಾಡಿಸಿ ಎಣಿಸುವುದು. ನಾನು ಹೇಳಿದ್ದೇ ಆಯಿತು! ಒಬ್ಬೊಬ್ಬರದು ಒಂದೊಂದು ಲೆಕ್ಕ. ಎಸ್ಸೆಸ್ಸೆಲ್ಸಿಯಲ್ಲಿರುವ ಅಲ್ಲಾಳಸಂದ್ರದ ಪಿಳ್ಳಪ್ಪನ ಮಗಳು ಗೋಪಾಲಮ್ಮ ಎದ್ದು ನಿಂತಳು.

“ಸಾ, ನಮಗೆ ಬಂದಿದ್ದು ಬೇರೆ, ಪುಸ್ತಕದಾಗಿರೋದು ಬೇರೆ.”

“ರಬ್ಬರ್ ಇದೆಯಲ್ಲ? ನಿಂದು ಅಳಿಸಿ ಪುಸ್ತಕದ್ದು ಬರಿ.”

“ಹಂಗಾದ್ರೆ ಕಲ್ಲು ಯಾಕ್ ಕಟ್ಟಿದ್ದು ಸಾ?”

ತರಗತಿಯೆಲ್ಲ ನಕ್ಕಿತು. ಹುಡುಗಿಯನ್ನು ಬೆಂಚಿನ ಮೇಲೆ ನಿಲ್ಲಿಸಿದೆ. ಕೊನೆಗೆ ಎಲ್ಲರೂ ಅಳಿಸಿ ಸರಿಯಾದ ಅವಲೋಕನವನ್ನು ಬರೆದುಕೊಂಡರು. ವೈಜ್ಞಾನಿಕ ಮನೋಭಾವ ಬೆಳೆಸುವುದು ಇಷ್ಟು ಕಷ್ಟವೆಂದು ಗೊತ್ತಿರಲಿಲ್ಲ.

೪ ಜನವರಿ ೧೯೬೨, ಗುರುವಾರ

ಊರಲ್ಲೆಲ್ಲ ಒಂದೇ ಮಾತು: ಅಷ್ಟಗ್ರಹ ಕೂಟ. ಫೆಬ್ರವರಿ ಮೂರರ ಶನಿವಾರ ಸಂಜೆಯಿಂದ ಸೋಮವಾರದ ತನಕ ಮಕರ ರಾಶಿಯಲ್ಲಿ ಎಂಟು ಗ್ರಹಗಳು ಒಟ್ಟಿಗೆ ಸೇರುತ್ತವಂತೆ, ಪ್ರಳಯವಂತೆ. ನನ್ನ ಹೆಂಡತಿ ಸುಬ್ಬಮ್ಮ ಚಿಕ್ಕಬಾಣಾವರದ ತವರಿಗೆ ಹೋಗಿ ತಾಯಿಯ ಜೊತೆ ಸಾಯುತ್ತೇನೆಂದು ಹಟ ಹಿಡಿದಿದ್ದಾಳೆ. “ಒಬ್ಬ ಬಿ.ಎಸ್ಸಿ. ಪದವೀಧರನ ಹೆಂಡತಿ ಆಡುವ ಮಾತೇ ಇದು?” ಎಂದು ಗದರಿದೆ.

ದೇವಸ್ಥಾನದಲ್ಲಿ ಮಂತ್ರಿಸಿದ ಕರಿದಾರ ಕೊಡುತ್ತಿದ್ದರು. ಅವಳ ಸಮಾಧಾನಕ್ಕೆಂದು ಒಂದು ಕಟ್ಟಿಸಿಕೊಂಡೆ. ಎಡಗೈಗೆ ಕಟ್ಟಿದ್ದು ಸಡಿಲವೆನಿಸಿ, ಅವಳ ಸಮಾಧಾನಕ್ಕೆಂದೇ, ಬಲಗೈಗೂ ಒಂದು ಕಟ್ಟಿಸಿಕೊಂಡೆ.

೧೦ ಜನವರಿ, ಬುಧವಾರ

ನನ್ನ ಬದುಕಿನ ಅತ್ಯಂತ ಸಾರ್ಥಕ ದಿನಗಳಲ್ಲಿ ಇದೊಂದು. ಪ್ರಳಯ ತಡೆಯಲು ಶಾಲೆಯ ಬಯಲಿನಲ್ಲಿ ಮಹಾಶಾಂತಿ ಹೋಮ ನಡೆಸಬೇಕೆಂದು ಪ್ರೆಸಿಡೆಂಟರು ಸಭೆ ಕರೆದಿದ್ದರು. ಎಂಟು ಹಳ್ಳಿಯ ಜನ ಸೇರಿತ್ತು. ವಿಜ್ಞಾನದ ಕಡೆಯಿಂದ ನಾನು ಮಾತಾಡಬೇಕೆಂದು ಹೆಡ್ಮಾಸ್ಟರು ಅಪ್ಪಣೆ ಮಾಡಿದ್ದರು.

ಗುರುತ್ವಾಕರ್ಷಣೆಯ ಬಗ್ಗೆ ಹೇಳಿದೆ. ಒಂದು ಚಂದ್ರನೇ ಸಮುದ್ರವನ್ನು ಏರಿಸಿ ಇಳಿಸಬಲ್ಲನಾದರೆ ಎಂಟು ಗ್ರಹಗಳು ಒಂದೇ ಕಡೆಯಿಂದ ಎಳೆದಾಗ ಈ ಭೂಮಿ ಕುಂಬಳಕಾಯಿಯಂತೆ ಬಿರಿಯದೆ ಉಳಿದೀತೇ ಎಂದು ಕೇಳಿದೆ. ಆ ಹೋಲಿಕೆ ಮಾತಾಡುತ್ತಿರುವಾಗಲೇ ಹೊಳೆದದ್ದು. ಹೆಂಗಸರು ಅತ್ತರು. ಪ್ರೆಸಿಡೆಂಟರು ನನಗೆ ಹಾರ ಹಾಕಿ, “ಕೇಳ್ಕೊಂಡ್ರೇನ್ರಪ್ಪಾ? ಪಂಚಾಂಗ ಹೇಳಿದ್ದನ್ನೇ ಸೈನ್ಸೂ ಹೇಳ್ತೈತೆ!” ಎಂದರು.

ಮನೆಗೆ ಬಂದ ಮೇಲೆ ಊಟ ಸೇರಲಿಲ್ಲ. ನನ್ನ ಭಾಷಣ ನನಗೇ ಅಷ್ಟು ನಾಟಿತ್ತು.

೧೭ ಜನವರಿ, ಬುಧವಾರ

ಸಂಜೆ ಗೋಪಾಲಮ್ಮ ಸ್ಟಾಫ್ ರೂಮಿನ ಬಾಗಿಲಲ್ಲಿ ಬಂದು ನಿಂತಳು. ಅತ್ತು ಅತ್ತು ಮುಖ ಊದಿತ್ತು.

“ಸಾ, ನಮ್ಮಪ್ಪ ಕೆರೆ ಪಕ್ಕದ ಹೊಲ ಪ್ರೆಸಿಡೆಂಟ್ರಿಗೆ ಬರ್ಕೊಡ್ತೈತೆ. ದುಡ್ಡು ತಗೊಂಡು ಎಲ್ಲಾರ್ನೂ ಕಾಶಿಗೆ ಕರ್ಕೊಂಡ್ ಹೋಗ್ತೈತಂತೆ. ಅಲ್ಲಿ ಸತ್ರೆ ಮೋಕ್ಷ ಅಂತೆ. ನನ್ ಪರೀಕ್ಷೆ?”

“ಅದಕ್ಕೆ ನಾನೇನಮ್ಮ ಮಾಡಲಿ?”

“ನೀವೇ ಹೇಳಿದ್ದಲ್ವಾ ಸಾ, ಕುಂಬಳಕಾಯಿ ಅಂತ. ಅಲ್ಲೀತನಕ ನಮ್ಮಪ್ಪ ನಂಬಿರ್ಲಿಲ್ಲ.”

ನಾನು ಮೇಜಿನ ಮೇಲಿನ ಪುಸ್ತಕಗಳನ್ನು ಜೋಡಿಸತೊಡಗಿದೆ. ಅವಳೇ ಹೇಳಿದಳು: “ಸಾ, ಇನ್ನೊಂದ್ ಕೇಳ್ಲಾ? ಭೂಮಿ ಬಿರ್ಕು ಬಿಟ್ಟೋದ್ರೆ ಪ್ರೆಸಿಡೆಂಟ್ರು ಹೊಲ ತಗೊಂಡ್ ಏನ್ ಮಾಡ್ತಾರೆ?”

ದೊಡ್ಡವರ ವಿಷಯ ಮಾತಾಡಬಾರದು ಎಂದು ಹೇಳಿ ಕಳಿಸಿದೆ. ಮನೆಗೆ ಬರುವಾಗ ದಾರಿಯುದ್ದಕ್ಕೂ ಗೋಡೆಗಳ ಮೇಲೆ ಪ್ರೆಸಿಡೆಂಟರ ಚುನಾವಣೆಯ ಭಿತ್ತಿಪತ್ರಗಳು ಕಂಡವು. ಮತದಾನ ಪ್ರಳಯವಾಗಿ ಎರಡು ವಾರದ ನಂತರ. ಗೋಂದು ಇನ್ನೂ ಹಸಿಯಾಗಿತ್ತು.

೨೦ ಜನವರಿ, ಶನಿವಾರ

ಹೆಬ್ಬಾಳದ ಕೃಷಿ ಕಾಲೇಜಿನಲ್ಲಿರುವ ಗೆಳೆಯನ ಮೂಲಕ ಖಗೋಳದ ಪುಸ್ತಕವೊಂದನ್ನು ತರಿಸಿಕೊಂಡೆ. ಆ ಹುಡುಗಿಗೆ ಗಟ್ಟಿಯಾದ ಉತ್ತರ ಕೊಟ್ಟು ಬಾಯಿ ಮುಚ್ಚಿಸುವುದಷ್ಟೇ ನನ್ನ ಉದ್ದೇಶ. ಸೂತ್ರ ನಾನು ಬಿ.ಎಸ್ಸಿ.ಯಲ್ಲಿ ಬಾಯಿಪಾಠ ಮಾಡಿದ್ದೇ. ಅದರಲ್ಲಿ ಅಂಕಿಗಳನ್ನು ಹಾಕಿ ನೋಡುವುದು ಇದೇ ಮೊದಲು.

ಎಂಟರಲ್ಲಿ ಸೂರ್ಯ ಚಂದ್ರರು ಇಬ್ಬರು. ಅವರು ಪ್ರತಿ ಅಮಾವಾಸ್ಯೆಗೂ ಕೂಡಿಯೇ ಎಳೆಯುತ್ತಾರೆ. ಉಳಿದವರಲ್ಲಿ ಬುಧ, ಶುಕ್ರ, ಮಂಗಳ, ಗುರು, ಶನಿ, ಇವರೆಲ್ಲರ ಎಳೆತವನ್ನು ಕೂಡಿಸಿ ಸಮುದ್ರದ ಮೇಲೆ ಎಷ್ಟು ಪರಿಣಾಮವೆಂದು ಲೆಕ್ಕ ಹಾಕಿದರೆ, ಚಂದ್ರನೊಬ್ಬ ಮಾಡುವುದರ ಹತ್ತು ಸಾವಿರದ ಒಂದು ಪಾಲೂ ಬರಲಿಲ್ಲ. ಲೆಕ್ಕ ತಪ್ಪಿರಬೇಕೆಂದು ಮತ್ತೆ ಮಾಡಿದೆ. ಮತ್ತೆ ಅದೇ ಬಂತು.

ಇನ್ನು ಉಳಿದವನು ಕೇತು. ಪುಸ್ತಕದಲ್ಲಿ ಕೇತುವಿನ ತೂಕ ಕೊಟ್ಟಿಲ್ಲ. ಎಲ್ಲ ಪುಟ ತಿರುವಿದರೂ ಇಲ್ಲ. ನಮ್ಮ ಶಾಲೆಯ ಕನ್ನಡ ಪಂಡಿತರನ್ನು ಕೇಳಿದೆ. “ಕೇತು ಛಾಯಾಗ್ರಹ ಕಣ್ರೀ, ಬರೀ ನೆರಳು. ನೆರಳಿಗೆ ಎಲ್ಲಿಯ ತೂಕ?” ಎಂದರು.

“ಹಾಗಾದರೆ ಅದು ಎಳೆಯುವುದು ಹೇಗೆ?”

“ಅದು ನಿಮ್ಮ ಸಬ್ಜೆಕ್ಟು” ಎಂದು ನಶ್ಯ ಏರಿಸಿದರು.

೨೨ ಜನವರಿ, ಸೋಮವಾರ

ಲೆಕ್ಕವನ್ನು ಗೋಪಾಲಮ್ಮನಿಗೆ ತೋರಿಸಿದೆ, ಅವಳು ಕೇಳಿದ್ದಕ್ಕೆ ಮಾತ್ರ. “ಇದನ್ನ ನಮ್ಮಪ್ಪನ್ಗೆ ಹೇಳಿದ್ರೆ ತಿಳಿಯಕ್ಕಿಲ್ಲ ಸಾ. ಕಣ್ಣಿಗೆ ಕಾಣಂಗೆ ಏನಾರ ಮಾಡ್ಬೇಕು” ಎಂದು ಭೂಗೋಳದ ಪುಸ್ತಕ ಬಿಚ್ಚಿ ಒಂದು ಚಿತ್ರ ತೋರಿಸಿದಳು. ಭೂಕಂಪವನ್ನು ಬರೆದಿಡುವ ಯಂತ್ರ. ಭಾರವಾದ ತೂಕವನ್ನು ನೇತುಹಾಕಿದರೆ ಭೂಮಿ ಅಲುಗಿದಾಗ ಅದು ಅಲುಗದೆ ನಿಲ್ಲುತ್ತದೆ. ಸುತ್ತಲಿನದೆಲ್ಲ ಅಲುಗುವುದನ್ನು ಒಂದು ಮುಳ್ಳು ಕಾಗದದ ಮೇಲೆ ಗೀಚುತ್ತದೆ.

ಯಶವಂತಪುರದ ರೈಲ್ವೆಯಲ್ಲಿ ಕೆಲಸ ಮಾಡುವ ಗುಲಾಮ್ ರಸೂಲ್‌ನ ಮಗ ಅನ್ವರ್ ಅವಳದೇ ತರಗತಿ. “ತಂತಿ ನಾನ್ ತರ್ತೀನಿ ಸಾರ್, ಅಬ್ಬಾನ್ ಹತ್ರ ಬೇಕಾದಷ್ಟಿದೆ” ಎಂದ.

ಇನ್‌ಸ್ಪೆಕ್ಟರಿಗೆ ತೋರಿಸಲು ಏನಾದರೂ ಬೇಕೇ ಬೇಕಲ್ಲ, ಆಗಲಿ ಎಂದೆ. ಬೇರೆ ಕಾರಣವಿಲ್ಲ.

೨೩ ಜನವರಿ, ಮಂಗಳವಾರ

ಕಲ್ಲು ಬಿತ್ತು. ಬೀರುವಿನಿಂದ ಶೆಡ್ಡಿಗೆ ತಂದಿಟ್ಟಿದ್ದ ಎರಡು ನಳಿಗೆ ಒಡೆದವು.

೨೪ ಜನವರಿ, ಬುಧವಾರ

ಮತ್ತೆ ಬಿತ್ತು. ಇನ್ನೂ ಮೂರು ನಳಿಗೆ.

೨೬ ಜನವರಿ, ಶುಕ್ರವಾರ

ಧ್ವಜಾರೋಹಣ ಮುಗಿಸಿ ಶೆಡ್ಡಿಗೆ ಹೋದವರು ಸಂಜೆಯ ತನಕ ಹೊರಗೆ ಬರಲಿಲ್ಲ. ಗೋಪಾಲಮ್ಮನ ಮನೆಯ ಹಳೆಯ ಒರಳಿನ ಗುಂಡನ್ನು ತೊಲೆಯಿಂದ ತಂತಿಯಲ್ಲಿ ನೇತುಹಾಕಿದ್ದೇವೆ. ಅದಕ್ಕೆ ಉದ್ದನೆಯ ಪೊರಕೆಕಡ್ಡಿ. ಕಡ್ಡಿಯ ತುದಿ ಒಂದು ಡಬ್ಬಿಗೆ ಸುತ್ತಿದ ಮಸಿಹಿಡಿದ ಕಾಗದವನ್ನು ಮೆಲ್ಲಗೆ ಮುಟ್ಟುತ್ತದೆ. ಡಬ್ಬಿಯನ್ನು ತಿರುಗಿಸಲು ಗಡಿಯಾರ ಬೇಕಿತ್ತು. ನಮ್ಮ ಮದುವೆಗೆ ಮಾವ ಕೊಟ್ಟ ಅಲಾರಂ ಗಡಿಯಾರವನ್ನು ತಂದೆ. ಕಡ್ಡಿಯನ್ನು ಕಟ್ಟಲು ತೆಳುವಾದ, ಗಟ್ಟಿಯಾದ ದಾರ ಎಲ್ಲೂ ಸಿಗಲಿಲ್ಲ. ಕೊನೆಗೆ ಬಲಗೈಯ ಕರಿದಾರ ಬಿಚ್ಚಿದೆ. ಸಾಲದೆ ಬಂದುದರಿಂದ ಎಡಗೈಯದನ್ನೂ.

ಚಿಕ್ಕಬಳ್ಳಾಪುರದ ರೈಲು ನಮ್ಮ ಸ್ಟೇಷನ್ ಬಿಡುತ್ತಿದ್ದಂತೆ ಕಡ್ಡಿ ನಡುಗಿತು! ಮಸಿಯ ಮೇಲೆ ಹಲ್ಲುಹಲ್ಲಾದ ಬಿಳಿ ಗೆರೆ. ಅನ್ವರ್ ಕುಣಿದ, ಅವನು ಕುಣಿದದ್ದೂ ಗೀಚಿತು. ಗೋಪಾಲಮ್ಮ ಪಕ್ಕದಲ್ಲಿ ಸಣ್ಣದಾಗಿ ‘ರೈಲು’, ‘ಅನ್ವರ್’ ಎಂದು ಬರೆದಳು.

“ಸಾ, ಪುಸ್ತಕದಾಗಿರೋ ಗೆರೆ ಇಂಗಿಲ್ಲ. ಅಳಿಸಲಾ?”

“ಮುಟ್ಟಬೇಡ!” ಎಂದೆ. ದನಿ ಸ್ವಲ್ಪ ಜೋರಾಯಿತು. ಅಷ್ಟು ಕಷ್ಟಪಟ್ಟು ಮಸಿ ಹಿಡಿಸಿದ ಕಾಗದ, ಹಾಳಾಗಬಾರದಲ್ಲ.

ಮನೆಯಲ್ಲಿ ಗಡಿಯಾರದ ವಿಷಯಕ್ಕೆ ದೊಡ್ಡ ಜಗಳ. ಕೈಯ ದಾರಗಳ ವಿಷಯಕ್ಕೆ ಇನ್ನೂ ದೊಡ್ಡದು.

೨೮ ಜನವರಿ, ಭಾನುವಾರ

ಗಾಳಿ ಸೇವನೆಗೆಂದು ಸೈಕಲ್ಲಿನಲ್ಲಿ ಹೊರಟವನು ಅಲ್ಲಾಳಸಂದ್ರದ ಕಡೆಗೆ ಹೋಗಿಬಿಟ್ಟೆ. ಕೆರೆಯ ಪಕ್ಕದಲ್ಲೇ ಪಿಳ್ಳಪ್ಪ ಸಿಕ್ಕಿದ. ಅಜ್ಜನ ಕಾಲದಿಂದ ಬಂದ ಹೊಲ, ಹುರುಳಿ ಕಿತ್ತಾಗಿತ್ತು. ಗುರುವಾರ ಕ್ರಯಪತ್ರವಂತೆ.

“ಪಿಳ್ಳಪ್ಪ, ಆವತ್ತು ನಾನು ಸಭೆಯಲ್ಲಿ ಹೇಳಿದ್ದರಲ್ಲಿ ಸ್ವಲ್ಪ, ಏನೆಂದರೆ, ಲೆಕ್ಕ ಹಾಕಿ ನೋಡಿದರೆ…”

“ಸ್ವಾಮಿ, ನೀವು ಏಳಿದ್ದು ನನ್ ಎದೇಗೆ ಕುಂತ್‌ಬಿಡ್ತು. ಕುಂಬ್ಳಕಾಯಿ ಒಡ್ದಂಗೆ! ಅಂಗೆ ಏಳ್ದೋರು ಈಗ ಇಂಗೆ ಏಳಿದ್ರೆ ಎಂಗೆ? ಆವತ್ತು ಸುಳ್ಳೋ, ಇವತ್ತು ಸುಳ್ಳೋ?”

“ನಾಳೆ ಶೆಡ್ಡಿಗೆ ಬಾ. ನನ್ನ ಮಾತು ಕೇಳಬೇಡ. ನಿನ್ನ ಕಣ್ಣಲ್ಲಿ ನೋಡು” ಎಂದು ಹೇಳಿ ಸೈಕಲ್ ಹತ್ತಿದೆ.

೨೯ ಜನವರಿ, ಸೋಮವಾರ

ಪಿಳ್ಳಪ್ಪ ಬಂದ. ಗುಂಡನ್ನು ಸುತ್ತುಹಾಕಿ ನೋಡಿದ, ಮೂಸಿಯೂ ನೋಡಿದ. “ಇದು ನಮ್ಮವ್ವ ಉದ್ದು ರುಬ್ಬ್‌ತಿದ್ದ ಗುಂಡಲ್ವೇ?” ಎಂದ. ನೆಲಕ್ಕೆ ಕಾಲು ಅಪ್ಪಳಿಸಲು ಗೋಪಾಲಮ್ಮ ಹೇಳಿದಳು. ಅಪ್ಪಳಿಸಿದ. ಕಡ್ಡಿ ಗೀಚಿತು. ಹಿಂದಕ್ಕೆ ನೆಗೆದು ನಿಂತ. ಮತ್ತೆ ಅಪ್ಪಳಿಸಿದ. ಆಮೇಲೆ ನಿಲ್ಲಿಸುವುದೇ ಕಷ್ಟವಾಯಿತು. ಬಯಲಿನಲ್ಲಿ ಹೋಮದ ಸೌದೆ ಇಳಿಸುತ್ತಿದ್ದವರನ್ನೆಲ್ಲ ಕರೆತಂದು ಒಬ್ಬೊಬ್ಬರೂ ಅಪ್ಪಳಿಸುವಂತೆ ಮಾಡಿದ.

“ಅಂಗಾರೆ ಭೂಮ್ತಾಯಿ ಅಲುಗಿದ್ರೆ ಇದ್ಕೆ ಗೊತ್ತಾಯ್ತದೆ?”

“ಗೊತ್ತಾಗಬೇಕು.”

“ಸರಿ. ಈ ಗುಂಡು ಏಳೋಗಂಟ ನಾನು ಎಬ್ಬೆಟ್ಟು ಒತ್ತಾಕಿಲ್ಲ. ಕಾಶಿಗೆ ಆಮೇಲೆ ನೋಡಾನ.”

ಗೋಪಾಲಮ್ಮ ನನ್ನ ಕಡೆ ನೋಡಿದಳು. ನಾನು ಕಾಗದಕ್ಕೆ ಮಸಿ ಹಿಡಿಸುವುದರಲ್ಲಿ ತೊಡಗಿದ್ದೆ. ಹೊಗೆಗೆ ಕಣ್ಣಲ್ಲಿ ನೀರು.

೧ ಫೆಬ್ರವರಿ, ಗುರುವಾರ

ಪತ್ರ ಆಗಲಿಲ್ಲವೆಂದು ಪ್ರೆಸಿಡೆಂಟರು ಕೆಂಡವಾಗಿದ್ದಾರೆ. ಪಿಳ್ಳಪ್ಪನನ್ನು ನೋಡಿ ಇನ್ನೂ ಕೆಲವರು ಹಿಂಜರಿದಿದ್ದಾರಂತೆ. ನನ್ನನ್ನು ಹೆಡ್ಮಾಸ್ಟರ ಕೋಣೆಗೆ ಕರೆಸಿದರು.

“ಏನ್ ಮೇಷ್ಟ್ರೇ, ನಮ್ ಶೆಡ್ಡಲ್ಲೇ ಕೂತ್ಕೊಂಡು ನಮ್ಗೇ ಗುಂಡು ನೇತಾಕಿದ್ದೀರಂತೆ?”

“ಸುತ್ತೋಲೆಯಲ್ಲಿ ಹೇಳಿದೆ ಸ್ವಾಮಿ, ಕೈಯಿಂದ ಮಾಡಿಸಿ ಅಂತ.”

“ಅಲ್ರೀ, ಅಷ್ಟಗ್ರಹ ಬಂದಾಗ ಅದು ಅಲುಗ್‌ಬೇಕು ತಾನೇ?”

“ಭೂಮಿ ಅಲುಗಿದರೆ ಅಲುಗುತ್ತದೆ.”

“ಅಲುಗ್‌ದೇ ಇದ್ರೆ ಜನ ಹೋಮಕ್ಕೆ ಏನ್ ಬೆಲೆ ಕೊಡ್ತಾರ್ರೀ? ಸ್ವಲ್ಪ ಅಲುಗ್ಬೇಕು, ಪೂರ್ಣಾಹುತಿ ಆದ್ಮೇಲೆ ನಿಲ್ಬೇಕು. ಅಷ್ಟ್ ಬರೀರಿ ಸಾಕು. ಪೇಪರ್ನೋರಿಗೆ ನಾನ್ ಹೇಳ್ಕೋತೀನಿ.”

“ಬರೆಯುವುದು ನಾನಲ್ಲ ಸ್ವಾಮಿ, ಕಡ್ಡಿ” ಎಂದೆ. ಉದ್ಧಟತನದಿಂದ ಹೇಳಿದ್ದಲ್ಲ, ವಿಷಯ ಹಾಗೇ ಇದೆ. ಅವರು ಹೆಡ್ಮಾಸ್ಟರ ಮುಖ ನೋಡಿದರು. ಹೆಡ್ಮಾಸ್ಟರು ಗೋಡೆಯ ಮೇಲಿನ ಭೂಪಟ ನೋಡಿದರು.

೩ ಫೆಬ್ರವರಿ, ಶನಿವಾರ

ಸಂಜೆ ಗ್ರಹಗಳು ಕೂಡಿದವು. ಕಡ್ಡಿ ನೆಟ್ಟಗೆ ಎಳೆಯಿತು. ನಡುವೆ ಒಂದು ಸಲ ರೈಲು.

ಸುಬ್ಬಮ್ಮ ತವರಿಗೆ ಹೋಗಲಿಲ್ಲ. ಶೆಡ್ಡಿಗೆ ಬಂದು ಗಡಿಯಾರಕ್ಕೆ ಕೀ ಕೊಟ್ಟು, “ನೀವು ದಿನಾ ಜಾಸ್ತಿ ತಿರುಗಿಸ್ತೀರಾ, ಅದಕ್ಕೇ ಓಡುತ್ತೆ” ಎಂದು ಹೇಳಿ ಹೋದಳು. ಆಮೇಲೆ ನೋಡಿದರೆ ಗಡಿಯಾರ ನಿಜಕ್ಕೂ ಸರಿಯಾಗಿ ನಡೆಯುತ್ತಿದೆ.

೪ ಫೆಬ್ರವರಿ, ಭಾನುವಾರ

ಇವತ್ತು ನಡೆದದ್ದನ್ನು ನಡೆದ ಕ್ರಮದಲ್ಲೇ ಬರೆಯುತ್ತೇನೆ.

ಬೆಳಗಿನಿಂದ ಬಯಲಿನ ತುಂಬ ಜನ. ಹೋಮದ ಹೊಗೆ, ಧ್ವನಿವರ್ಧಕ, ನಡುನಡುವೆ ಪ್ರೆಸಿಡೆಂಟರ ಭಾಷಣ. ಶೆಡ್ಡಿನಲ್ಲಿ ನಾನು, ಗೋಪಾಲಮ್ಮ, ಅನ್ವರ್. ಗುಂಡಿನ ಮುಂದೆ ಪಿಳ್ಳಪ್ಪ ಕುಕ್ಕರಗಾಲಲ್ಲಿ ಕೂತಿದ್ದ. ಬೆಳಗಿನಿಂದ ನೀರೂ ಕುಡಿದಿರಲಿಲ್ಲ. ಹೊರಗೆ ಹುಣಸೆಮರದ ಕೆಳಗೆ ಪತ್ರ ಬರೆಯುವವನು ಮಸಿ ಪ್ಯಾಡು ಇಟ್ಟುಕೊಂಡು ಕಾಯುತ್ತಿದ್ದ.

ಮಧ್ಯಾಹ್ನ, ಯಾವ ರೈಲೂ ಇಲ್ಲದ ಹೊತ್ತಿನಲ್ಲಿ, ಕಡ್ಡಿ ನಡುಗಿತು.

ಒಮ್ಮೆ. ಮತ್ತೊಮ್ಮೆ. ಮತ್ತೊಮ್ಮೆ.

“ಬಂತು!” ಎಂದು ಪಿಳ್ಳಪ್ಪ ಕಿರುಚಿದ. ಆ ಕೂಗು ಬಯಲಿಗೆ ಹಬ್ಬಿತು. ಹೆಂಗಸರು ಮಕ್ಕಳನ್ನು ಅವುಚಿಕೊಂಡು ಕೂತರು. ಪ್ರೆಸಿಡೆಂಟರು ಜನರನ್ನು ಸರಿಸಿಕೊಂಡು ಒಳಗೆ ಬಂದು, “ನೋಡ್ದಾ ಪಿಳ್ಳಪ್ಪ, ನಿನ್ ಗುಂಡೇ ಹೇಳ್ತು! ನಡಿ, ಇನ್ನೂ ಹೊತ್ತೈತೆ, ಪುಣ್ಯ ಕಟ್ಕೋ” ಎಂದು ಅವನ ತೋಳು ಹಿಡಿದರು. ಗೋಪಾಲಮ್ಮ ಅಪ್ಪನ ಇನ್ನೊಂದು ತೋಳು ಹಿಡಿದಳು. ನಾನು ಬರಿದಾದ ಮಣಿಕಟ್ಟನ್ನು ತಡವಿಕೊಂಡೆ. ಕರಿದಾರ ಬಿಚ್ಚಬಾರದಿತ್ತು ಎನ್ನಿಸಿದ್ದು ನಿಜ.

ಆದರೂ ಕಾಗದ ನೋಡಿದೆ. ನೋಡಿದರೆ, ಗೆರೆಗಳೆಲ್ಲ ಸಮನಾದ ಅಂತರದಲ್ಲಿವೆ. ಒಂದರಷ್ಟೇ ಇನ್ನೊಂದು, ಡ್ರಿಲ್ ಮಾಡುವ ಹುಡುಗರ ಹಾಗೆ. ರೈಲು ಇಷ್ಟು ಶಿಸ್ತಿನಿಂದ ಗೀಚುವುದಿಲ್ಲ. ಭೂಮಿಗೆ ಈ ಶಿಸ್ತು ಎಲ್ಲಿಂದ ಬಂತು?

“ಒಂದು ನಿಮಿಷ ಇರಿ” ಎಂದು ಹೇಳಿ ಶೆಡ್ಡಿನ ಹಿಂದಕ್ಕೆ ಹೋದೆ.

ಅಲ್ಲಿ ಹೆಡ್ಮಾಸ್ಟರ್ ಚಿಕ್ಕಮಾರಯ್ಯನವರು ಕೋಟು ಕಳಚಿ ಬೇಲಿಗೆ ನೇತುಹಾಕಿ, ಪಂಚೆಯನ್ನು ಮೇಲೆತ್ತಿ ಕಟ್ಟಿ, ಒನಕೆ ಹಿಡಿದು ಗೋಡೆಯ ಬುಡದ ನೆಲವನ್ನು ಕುಟ್ಟುತ್ತಿದ್ದರು. ಪೇಟ ಮಾತ್ರ ತಲೆಯ ಮೇಲೇ ಇತ್ತು. ಬೆವರು ಮೂಗಿನ ತುದಿಯಿಂದ ಇಳಿಯುತ್ತಿತ್ತು.

“ಸಾರ್!”

“ಮೆಲ್ಲಗೆ ಮಾತಾಡ್ರೀ. ಪ್ರೆಸಿಡೆಂಟ್ರು ಹೇಳಿದಾರೆ. ಶಾಲೆಗೆ ಮಹಡಿ ಕಟ್ಟಿಸಿಕೊಡ್ತಾರಂತೆ. ನನಗೂ ಇದು ಇಷ್ಟ ಇಲ್ಲ ಕಣ್ರೀ, ಸೊಂಟ ಬಿದ್ದುಹೋಗ್ತಾ ಇದೆ.”

ನನಗೆ ಸಿಟ್ಟು ಬರಬೇಕಿತ್ತು. ಬಂದದ್ದು ಬೇರೆ. ಇದೇ ಕಾರಣವೋ, ಜೊತೆಗೆ ಇನ್ನೇನಾದರೂ ಇದೆಯೋ ಎಂಬ ಅನುಮಾನ.

“ಸಾರ್, ಈಗ ಸ್ವಲ್ಪ ಹೊತ್ತು ನಿಲ್ಲಿಸಿ. ನಾನು ಒಳಗಿಂದ ‘ಮೂರು’ ಅಂತ ಕೂಗಿದರೆ ಮೂರು ಏಟು. ಆಮೇಲೆ ಸುಮ್ಮನಿರಿ. ‘ಏಳು’ ಅಂದರೆ ಏಳು.”

“ಯಾಕ್ರೀ?”

“ಖಾತ್ರಿಯಾಗಬೇಕಲ್ಲ ಸಾರ್.”

ಅವರ ಮುಖ ಅರಳಿತು. “ಅಂತೂ ನಿಮಗೂ ಬುದ್ಧಿ ಬಂತಲ್ಲ, ಸಂತೋಷ” ಎಂದು ಕೈಗೆ ಉಗುಳು ಹಾಕಿಕೊಂಡು ಒನಕೆ ಹಿಡಿದರು.

ಒಳಗೆ ಬಂದೆ. ಕಡ್ಡಿ ನೆಟ್ಟಗೆ ಎಳೆಯುತ್ತಿತ್ತು. “ಪಿಳ್ಳಪ್ಪ, ಕಾಗದ ನೋಡು. ಮೂರು!” ಎಂದು ಕೂಗಿದೆ. ಮೂರು ಗೆರೆ ಬಿತ್ತು, ನಿಂತಿತು. “ಏಳು!” ಏಳೂ ಬಿದ್ದವು.

ಪಿಳ್ಳಪ್ಪ ದಡಕ್ಕನೆ ನನ್ನ ಕಾಲಿಗೆ ಬಿದ್ದ. “ಭೂಮ್ತಾಯಿ ನಿಮ್ ಮಾತು ಕೇಳ್ತಾಳಲ್ಲಾ ಸ್ವಾಮಿ! ಗೊತ್ತಿರ್ಲಿಲ್ಲ, ತೆಪ್ಪಾಯ್ತು!” ಅವನ ಹಿಂದೆ ಇನ್ನೂ ನಾಲ್ಕು ಜನ ಬಿದ್ದರು. ಯಾರೋ ನನ್ನ ಕೊರಳಿಗೆ ಹೋಮದ ಹೂವು ಹಾಕಿದರು. ಹಾರದ ಭಾರಕ್ಕೆ ಒಂದು ಕ್ಷಣ, ಒಂದೇ ಕ್ಷಣ, ಹಿತವೆನಿಸಿತು.

“ಅಯ್ಯೋ ಅಪ್ಪಾ, ಎದ್ದೇಳು! ಹಿಂದ್ಗಡೆ ಹೋಗ್ ನೋಡು!” ಎಂದು ಗೋಪಾಲಮ್ಮ ಅವನ ಜುಟ್ಟು ಹಿಡಿದೇ ಎಬ್ಬಿಸಿದಳು. ನಾನು ಹೂವು ತೆಗೆದೆ. ಪಿಳ್ಳಪ್ಪನ ಕೈ ಹಿಡಿದು ಹಿಂದಕ್ಕೆ ಕರೆದೊಯ್ದೆ. ಜನವೂ ಬಂತು. ಹೆಡ್ಮಾಸ್ಟರು ಒನಕೆಯನ್ನು ಎತ್ತಿ ಹಿಡಿದು, “ಬ್ಯಾಟರಾಯಪ್ಪ, ಈಗ ಎಷ್ಟು?” ಎಂದು ಕೇಳುತ್ತಿದ್ದರು.

ಮೊದಲು ನಕ್ಕವನು ಪತ್ರ ಬರೆಯುವವನು. ಪಿಳ್ಳಪ್ಪ ನಗಲಿಲ್ಲ. ಒನಕೆಯನ್ನು ನಿಧಾನವಾಗಿ ಅವರ ಕೈಯಿಂದ ತೆಗೆದುಕೊಂಡು, “ಕೊಡಿ ಸ್ವಾಮಿ, ನಿಮಗೆ ಅಭ್ಯಾಸ ಇಲ್ಲ” ಎಂದ. ಆಮೇಲೆ ಪ್ರೆಸಿಡೆಂಟರ ಕಡೆ ತಿರುಗಿ, “ಅಣ್ಣಾ, ಒಲ ಕೊಡಾಕಿಲ್ಲ” ಎಂದ. ಅಷ್ಟೇ.

ಪ್ರೆಸಿಡೆಂಟರು ಹೋಗುವ ಮುಂಚೆ ನನ್ನ ಕಿವಿಯ ಬಳಿ ಹೇಳಿದರು: “ಆ ಕಾಗದ ಹರ್ದಾಕಿ. ಇಲ್ಲಾ ಅಂದ್ರೆ ಅದ್ರ ಮೇಲೆ ‘ಭೂಕಂಪ’ ಅಂತ ಬರೀರಿ. ಇನ್ನೂ ಕಾಲ ಮಿಂಚಿಲ್ಲ.” ನಾನು ಆಗುವುದಿಲ್ಲವೆಂದೆ. ಏಕೆಂದರೆ ಅನ್ವರ್ ಆಗಲೇ ಅದರ ಮೇಲೆ ‘ಹೆಡ್ಮಾಸ್ಟರ್’ ಎಂದು ಬರೆದಾಗಿತ್ತು.

೬ ಫೆಬ್ರವರಿ, ಮಂಗಳವಾರ

ಪ್ರಳಯವಾಗಲಿಲ್ಲ. ಪ್ರಳಯವನ್ನು ತಡೆದರೆಂದು ಪ್ರೆಸಿಡೆಂಟರನ್ನು ಆನೆಯಷ್ಟು ದೊಡ್ಡ ಹಾರ ಹಾಕಿ ಲಾರಿಯ ಮೇಲೆ ಮೆರವಣಿಗೆ ಮಾಡಿದರು. ಗೋಡೆಗಳ ಮೇಲೆ ಹೊಸ ಭಿತ್ತಿಪತ್ರ: ‘ಲೋಕ ಉಳಿಸಿದವರಿಗೆ ನಿಮ್ಮ ಮತ.’ ಭಾನುವಾರ ಶೆಡ್ಡಿನ ಹಿಂದೆ ನಿಂತು ನಕ್ಕವರಲ್ಲಿ ಅರ್ಧ ಜನ ಮೆರವಣಿಗೆಯಲ್ಲಿದ್ದರು.

ಪಿಳ್ಳಪ್ಪ ಇರಲಿಲ್ಲ. ಹೊಲ ಉಳುತ್ತಿದ್ದಾನಂತೆ.

೧೪ ಫೆಬ್ರವರಿ, ಬುಧವಾರ

ಇನ್‌ಸ್ಪೆಕ್ಟರು ಬಂದಿದ್ದರು. ಗುಂಡನ್ನು ದೂರದಿಂದ ನೋಡಿ, ಇದು ಪಠ್ಯದಲ್ಲಿದೆಯೇ ಎಂದು ಕೇಳಿದರು. ಮಸಿ ಕಾಗದಗಳನ್ನು ತಿರುವುತ್ತ, “ರೈಲು, ಸರಿ. ಲಾರಿ, ಸರಿ. ಏನ್ರೀ ಇದು ‘ಹೆಡ್ಮಾಸ್ಟರ್, ಮಧ್ಯಾಹ್ನ’?” ಎಂದರು. ಚಿಕ್ಕಮಾರಯ್ಯನವರು ಅವರಿಗೆ ಕಾಫಿಯ ನೆನಪು ಮಾಡಿದರು.

ವರದಿಯಲ್ಲಿ ಬರೆದದ್ದು: ಮಕ್ಕಳ ಅವಲೋಕನಗಳು ಒಂದರಂತೆ ಒಂದಿಲ್ಲ, ಪುಸ್ತಕದ ಉತ್ತರಗಳಿಗೂ ಹೊಂದುವುದಿಲ್ಲ, ಮೂರು ನಳಿಗೆ ನಷ್ಟವಾಗಿವೆ, ವಿಜ್ಞಾನದ ಮೇಷ್ಟರು ಹೆಚ್ಚಿನ ಎಚ್ಚರ ವಹಿಸತಕ್ಕದ್ದು. ಎಚ್ಚರ ವಹಿಸುತ್ತೇನೆಂದು ಸಹಿ ಮಾಡಿದೆ. ನಳಿಗೆಗಳ ನಷ್ಟ ನಿಜವಾಗಿ ಐದು. ತಿದ್ದಿಸಿ ಐದು ಎಂದು ಬರೆಸಿದೆ.

೨೪ ಫೆಬ್ರವರಿ, ಶನಿವಾರ

ನನಗೆ ವರ್ಗವಾಗಬಹುದೆಂದು ಹೆಡ್ಮಾಸ್ಟರು ಹೇಳಿದರು. ಮಾತಿನಲ್ಲಿ ಬೇಸರವಿತ್ತೋ ನೆಮ್ಮದಿಯಿತ್ತೋ ತಿಳಿಯಲಿಲ್ಲ. ಸೊಂಟಕ್ಕೆ ಇನ್ನೂ ಎಣ್ಣೆ ತಿಕ್ಕಿಸಿಕೊಳ್ಳುತ್ತಿದ್ದಾರೆ.

ಶಾಲೆ ಬಿಡುವ ಹೊತ್ತಿಗೆ ಪಿಳ್ಳಪ್ಪ ಗೇಟಿನ ಬಳಿ ಕಾಯುತ್ತಿದ್ದ. ಹೊಲದಲ್ಲಿ ಬಾವಿ ತೋಡಿಸಬೇಕೆಂದಿದ್ದಾನೆ. ನೀರು ತೋರಿಸುವವರು ಮೂವರು ಬಂದು, ಒಬ್ಬ ತೆಂಗಿನಕಾಯಿ ಹಿಡಿದು, ಒಬ್ಬ ಕವೆಕೋಲು ಹಿಡಿದು, ಒಬ್ಬ ಏನೂ ಹಿಡಿಯದೆ, ಮೂರು ಜಾಗ ತೋರಿಸಿದ್ದಾರೆ.

“ನೀವೇ ಏಳಿ ಸ್ವಾಮಿ, ಎಲ್ಲಿ ನೀರು ಸಿಕ್ತದೆ?”

“ನನಗೆ ಗೊತ್ತಿಲ್ಲ ಪಿಳ್ಳಪ್ಪ.”

ಬಾಯಿಂದ ಬಂದ ಮೇಲೆ ನಾನೇ ಬೆಚ್ಚಿದೆ. ಮೇಷ್ಟರಾದ ಮೇಲೆ ಈ ಮಾತನ್ನು ಆಡಿದ ನೆನಪಿಲ್ಲ. ಅವನ ಮುಖ ಬಾಡೀತು ಎಂದುಕೊಂಡೆ. ಅವನು ಹೆಗಲ ಟವೆಲ್ಲನ್ನು ಒದರಿ ಮತ್ತೆ ಹಾಕಿಕೊಂಡ.

“ಆ ಮೂರ್ ಜನಕ್ಕೂ ಗೊತ್ತು. ಗೊತ್ತಿಲ್ಲ ಅಂದೋರು ನೀವೊಬ್ರೇ. ಅದ್ಕೇ ಎತ್ತಿನಗಾಡಿ ತಂದಿವ್ನಿ, ಅತ್ತಿ.”

ನಾಳೆ ಭಾನುವಾರ ಬರುತ್ತೇನೆಂದೆ. ಸುತ್ತಲಿನ ಬಾವಿಗಳಿಗೆಲ್ಲ ಹಗ್ಗ ಇಳಿಬಿಟ್ಟು ಎಷ್ಟು ಆಳಕ್ಕೆ ನೀರಿದೆಯೆಂದು ಮೊದಲು ಅಳೆಯಬೇಕು. ಅನ್ವರ್ ಹಗ್ಗ ತರುತ್ತಾನೆ. ಗೋಪಾಲಮ್ಮ ಬರೆದುಕೊಳ್ಳುತ್ತಾಳೆ, ಪರೀಕ್ಷೆ ಹತ್ತಿರವಿದೆ, ಬೇಡವೆಂದರೂ ಕೇಳುವುದಿಲ್ಲ. ಸುಬ್ಬಮ್ಮನೂ ಬರುತ್ತಾಳಂತೆ, ಬುತ್ತಿ ಕಟ್ಟಿಕೊಂಡು.

ಇದಕ್ಕೂ ವಿಜ್ಞಾನ ಸಂಘಕ್ಕೂ ಸಂಬಂಧವಿಲ್ಲ. ಗಾಳಿ ಸೇವನೆಗೆ ಹೋಗುತ್ತಿದ್ದೇವೆ.